ಗಾಳಿ ಎಳೆಯುವ ಪಂಪು

ಕೊಲೊರಾಡೋದಲ್ಲಿ ಬೇಸಿಗೆ ಬಂತೆಂದರೆ ಅರ್ಧ ಊರು ಬೆಟ್ಟದ ಕಡೆ ಹೊರಡುತ್ತದೆ. ಕೆಲವರಿಗೆ ಮೀನು ಹಿಡಿಯುವ ಚಪಲ, ಕೆಲವರಿಗೆ ಹದಿನಾಲ್ಕು ಸಾವಿರ ಅಡಿಯ ಶಿಖರ ಹತ್ತುವ ಹುಚ್ಚು, ಇನ್ನು ಕೆಲವರಿಗೆ ಬೆಂಕಿಯ ಮುಂದೆ ಸುಮ್ಮನೆ ಕೂರುವ ಆಸೆ. ನಾವೂ ಹಳೆಯ ಟ್ರೇಲರನ್ನು ಟ್ರಕ್ಕಿಗೆ ಕಟ್ಟಿಕೊಂಡು ಹೊರಡುತ್ತೇವೆ. ಬೆಟ್ಟ, ಹೊಳೆ, ನಕ್ಷತ್ರ ಎಲ್ಲವೂ ನನಗೆ ಇಷ್ಟವೇ. ಆದರೆ ಟ್ರೇಲರಿನ ಮಂಚದ ಕೆಳಗೆ ಕೂತಿರುವ ನೀರಿನ ಪಂಪು ಅವೆಲ್ಲಕ್ಕಿಂತ ಒಂದು ಕೈ ಹೆಚ್ಚು ಇಷ್ಟ. ಅದು ಕೆಟ್ಟರಂತೂ ಇನ್ನೂ ಇಷ್ಟ. ಇದು ಕಾಯಿಲೆ ಎಂದು ನನ್ನ ಹೆಂಡತಿ ಎಂದೋ ತೀರ್ಮಾನಿಸಿಯಾಗಿದೆ.

ನಲ್ಲಿ, ಕರೆಂಟು ಎರಡನ್ನೂ ಒದಗಿಸುವ ಕ್ಯಾಂಪುಗಳಿಗೆ ಹೋದರೆ ಈ ಪಂಪಿನ ನೆನಪೇ ಬರುವುದಿಲ್ಲ. ಹೊರಗಿನ ನಲ್ಲಿಗೆ ಪೈಪು ಸಿಕ್ಕಿಸಿದರೆ ಅಲ್ಲಿಯ ಒತ್ತಡವೇ ಸಾಕು. ಸರ್ಕಾರಿ ಕಾಡುಗಳಲ್ಲಿ, ಎಷ್ಟೋ ರಾಷ್ಟ್ರೀಯ ಉದ್ಯಾನಗಳಲ್ಲಿ ಆ ಸೌಕರ್ಯವಿಲ್ಲ. ಟ್ಯಾಂಕಿನಲ್ಲಿ ತುಂಬಿಕೊಂಡು ಹೋದ ನೀರೇ ಗತಿ, ಅದನ್ನು ಸಿಂಕಿಗೂ ಸ್ನಾನಕ್ಕೂ ಮುಟ್ಟಿಸುವುದು ಈ ಪಂಪು. ಲೀಟರ್ ಬಾಟಲಿಯೊಂದನ್ನು ಅಡ್ಡ ಮಲಗಿಸಿದಷ್ಟು ಗಾತ್ರ. 12 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತದೆ. ಇಲ್ಲಿ ಬಹಳ ಕಡೆ ಕಾಣಸಿಗುವ ಶರ್‌ಫ್ಲೋ 4008 ಎಂಬ ಮಾದರಿ ನಿಮಿಷಕ್ಕೆ ಸುಮಾರು 11 ಲೀಟರ್ ಎತ್ತುತ್ತದೆ. ಒತ್ತಡ 55 ಪಿಎಸ್‌ಐ ಮುಟ್ಟಿದೊಡನೆ ತಾನಾಗಿ ನಿಲ್ಲುತ್ತದೆ. ನಲ್ಲಿ ತಿರುಗಿಸಿದರೆ ಒತ್ತಡ ಇಳಿದು ಮತ್ತೆ ಶುರು. ಒಳಗಿರುವುದು ಒಂದು ಮೋಟರು, ಅದರ ತುದಿಗೆ ಓಲಾಡುವ ಬಿಲ್ಲೆ, ಬಿಲ್ಲೆ ಒತ್ತಿ ಬಿಡುವ ರಬ್ಬರಿನ ಡಯಾಫ್ರಂ, ನೀರು ಹಿಂದಕ್ಕೆ ಬರದಂತೆ ತಡೆಯುವ ಪುಟ್ಟ ವಾಲ್ವುಗಳು. ಅಷ್ಟೇ. ಮನುಷ್ಯನ ಬುದ್ಧಿಗೆ ಪೂರ್ತಿ ದಕ್ಕುವ ಯಂತ್ರಗಳು ಈಗ ಕಡಿಮೆಯಾಗುತ್ತಿವೆ. ಇದು ದಕ್ಕುತ್ತದೆ.

ನನಗೆ ಪಂಪಿನ ಗೀಳು ಹತ್ತಿದ್ದು ತಿಪಟೂರಿನ ಕಡೆ, ಅಜ್ಜನ ತೆಂಗಿನ ತೋಟದಲ್ಲಿ. ಬಾವಿಕಟ್ಟೆಯ ಮೇಲೆ ಸೆಂಟ್ರಿಫ್ಯೂಗಲ್ ಪಂಪು, ಬಾವಿಯೊಳಗೆ ಪೈಪಿನ ತುದಿಗೆ ಫುಟ್‌ವಾಲ್ವು. ಫುಟ್‌ವಾಲ್ವು ಸೋರಿದರೆ ರಾತ್ರಿಯೆಲ್ಲಾ ಪೈಪಿನ ನೀರು ಬಾವಿಗಿಳಿದು, ಬೆಳಗ್ಗೆ ಮೋಟರು ಬರಿದೇ ಗಿರಗುಟ್ಟುತ್ತಿತ್ತು. ಆಗ ಕೊಡಗಟ್ಟಲೆ ನೀರು ಹುಯ್ಯಬೇಕು. ಅದಕ್ಕೂ ಬಗ್ಗದಿದ್ದರೆ ಸೆಗಣಿ ಕದಡಿ ಹುಯ್ಯುತ್ತಿದ್ದರು. ಅದರ ನಾರು ವಾಲ್ವಿನ ಸಂದಿಗೆ ಹೋಗಿ ಕೂತು ಸೋರಿಕೆ ತಡೆಯುತ್ತಿತ್ತು. ರಿಪೇರಿಗೆ ಬರುತ್ತಿದ್ದವರು ಸ್ಪ್ಯಾನರ್ ಎತ್ತುವ ಮೊದಲು ಬೀಡಿ ಹಚ್ಚಿ ಸುಮ್ಮನೆ ನಿಂತು ಸದ್ದು ಕೇಳುತ್ತಿದ್ದರು. ‘ಗಾಳಿ ಹಿಡಿದದೆ ಯಜಮಾನ್ರೇ’ ಅಥವಾ ‘ಬೇರಿಂಗ್ ಹೋಗದೆ’ ಎಂದು ಅಲ್ಲಿಂದಲೇ ಹೇಳುತ್ತಿದ್ದರು. ಆಮೇಲೆ ಬಿಚ್ಚುವುದೆಲ್ಲ ಬರೀ ಶಾಸ್ತ್ರಕ್ಕೆ.

ಟ್ರೇಲರಿನ ಪಂಪಿಗೂ ಅದೇ ವೈದ್ಯ ನಡೆಯುತ್ತದೆ. ನೀರು ತುಂಬಿಕೊಂಡು ಓಡುವಾಗ ಅದರ ದನಿ ದಪ್ಪ, ಭಾರ. ಗಾಳಿ ಎಳೆಯುವಾಗ ತೆಳ್ಳಗೆ, ಚುರುಕಾಗಿ, ಏನೋ ಅವಸರವಿದ್ದಂತೆ ಓಡುತ್ತದೆ. ಎಲ್ಲ ನಲ್ಲಿ ಮುಚ್ಚಿದ್ದರೂ ನಡುರಾತ್ರಿ ಆಗಾಗ ಎರಡು ಕ್ಷಣ ‘ಟರ್ರ್’ ಎಂದು ಸುಮ್ಮನಾದರೆ ಎಲ್ಲೋ ಒತ್ತಡ ಸೋರುತ್ತಿದೆ ಎಂದು ಅರ್ಥ. ಸದ್ದೇ ಇಲ್ಲದಿದ್ದರೆ ಪಂಪನ್ನು ಬಿಟ್ಟು ತಂತಿಯ ಕಡೆ ಹೋಗಬೇಕು.

ಇವುಗಳಲ್ಲಿ ನನಗೆ ಬಲು ರುಚಿಯೆನಿಸುವುದು ಗಾಳಿಯ ಕೇಸು. ಪಂಪಿನಿಂದ ನಲ್ಲಿಯವರೆಗೆ ಎಲ್ಲಿ ಸೋರಿದರೂ ನೆಲ ಒದ್ದೆಯಾಗಿ ಕಳ್ಳ ಸಿಕ್ಕಿಬೀಳುತ್ತಾನೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಹಾಗಲ್ಲ. ಪಂಪು ನೀರನ್ನು ಎಳೆಯುತ್ತದೆ ಎನ್ನುತ್ತೇವೆ. ನಿಜವಾಗಿ ಅದು ತನ್ನ ಬಾಯಲ್ಲಿ ಒತ್ತಡ ತಗ್ಗಿಸುತ್ತದೆ ಅಷ್ಟೇ. ಟ್ಯಾಂಕಿನ ಮೇಲಿನ ಗಾಳಿ ನೀರನ್ನು ಅತ್ತ ನೂಕುತ್ತದೆ. ದಾರಿಯಲ್ಲಿ ಕೂದಲೆಳೆಯಷ್ಟು ಸಂದಿ ಸಿಕ್ಕರೆ ಆ ಗಾಳಿ ನೀರನ್ನು ಬಿಟ್ಟು ತಾನೇ ಒಳಗೆ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಎಲ್ಲ ಒಣಗಿದೆ, ಎಲ್ಲ ಸರಿಯಿದೆ, ನೀರು ಮಾತ್ರ ಇಲ್ಲ.

ದಕ್ಷಿಣ ಕೊಲೊರಾಡೋದ ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ನಲ್ಲಿ ಒಮ್ಮೆ ಹೀಗೇ ಆಯಿತು. ಉತ್ತರ ಅಮೆರಿಕದಲ್ಲೇ ಅತಿ ಎತ್ತರದ ಮರಳು ದಿಬ್ಬಗಳಿರುವ ಜಾಗ; ನೆಲವೇ ಸಮುದ್ರಮಟ್ಟದಿಂದ ಎಂಟು ಸಾವಿರ ಅಡಿ ಮೇಲೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಾಲು ಭಾಗದಷ್ಟು ಕಡಿಮೆ, ನೂಕುವ ಬಲವೂ ಅಷ್ಟೇ ಕಡಿಮೆ. ನಮ್ಮ ಜೊತೆ ಬಂದಿದ್ದ ಗೆಳೆಯನ ಟ್ರೇಲರಿನಲ್ಲಿ ಪಂಪು ಓಡುತ್ತಿದೆ, ನಲ್ಲಿ ಒಣಗಿದೆ. ಮಕ್ಕಳು ಮೈತುಂಬ ಮರಳು ಮೆತ್ತಿಕೊಂಡು ಬಾಗಿಲಲ್ಲಿ ಸಾಲಾಗಿ ನಿಂತಿದ್ದಾರೆ. ‘ಪಂಪು ಹೋಯ್ತು ಕಣಯ್ಯ, ಹೊಸದೇ ಹಾಕಿಸಬೇಕು’ ಎಂದ ಅವನು. ಅವನ ಹೆಂಡತಿ, ‘ರೀ, ಹೊಸದು ಆಮೇಲೆ. ಇವುಗಳ ಕಾಲು ತೊಳೆಯೋಕೆ ಈಗೇನು ಮಾಡ್ಲಿ?’ ಎಂದರು. ನಾನು ಆಗಲೇ ಮಂಚದ ಹಲಗೆ ಎತ್ತುತ್ತಿದ್ದೆ.

ಟ್ಯಾಂಕಿನ ಮೀಟರು ತುಂಬಿದೆ ಎನ್ನುತ್ತಿತ್ತು. ಟ್ರೇಲರಿನ ಮೀಟರುಗಳ ಮಾತು ನಂಬುವವರು ಯಾರೂ ಇಲ್ಲ, ಹಾಗಾಗಿ ಟ್ಯಾಂಕು ತಟ್ಟಿ ನೋಡಿದೆ. ನೀರಿತ್ತು. ಮುಂದಿನ ಗುಮಾನಿ ಚಳಿಗಾಲದ ವಾಲ್ವಿನ ಮೇಲೆ. ಈ ಸೀಮೆಯಲ್ಲಿ ಚಳಿಗಾಲಕ್ಕೆ ಮುಂಚೆ ಪೈಪಿನ ನೀರೆಲ್ಲ ಖಾಲಿ ಮಾಡಿ, ಪ್ರೊಪಿಲೀನ್ ಗ್ಲೈಕಾಲ್ ಬೆರೆತ ಗುಲಾಬಿ ಬಣ್ಣದ ದ್ರವ ತುಂಬುತ್ತಾರೆ. ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಪೈಪು, ಪಂಪು ಎಲ್ಲ ಒಡೆಯುತ್ತವೆ. ಆ ದ್ರವವನ್ನು ಕ್ಯಾನಿನಿಂದ ಎಳೆಯಲು ಪಂಪಿನ ಪಕ್ಕದಲ್ಲೇ ಒಂದು ವಾಲ್ವು, ಒಂದು ಗೇಣು ಪೈಪು ಇರುತ್ತದೆ. ವಸಂತದಲ್ಲಿ ಅದನ್ನು ಮರಳಿ ಟ್ಯಾಂಕಿನ ಕಡೆ ತಿರುಗಿಸಲು ಮರೆತವರು ಬಹಳ ಮಂದಿ, ಅವರ ಪಂಪು ಬರೀ ಗಾಳಿ ಕುಡಿಯುತ್ತದೆ. ಅವನದು ಸರಿಯಾಗಿಯೇ ತಿರುಗಿತ್ತು.

ಪಂಪಿನ ಬಾಯಿಗೆ ಕಟ್ಟಿದ ಜಾಲರಿಯ ಡಬ್ಬಿ ಬಿಚ್ಚಿದೆ. ಒಳಗೆ ಉಗುರಿನ ಚೂರಿನಂಥ ಬಿಳಿ ಸುರುಳಿಗಳು. ಟ್ಯಾಂಕಿಗೆ ತೂತು ಕೊರೆದಾಗ ಒಳಗೇ ಬಿದ್ದ ಪ್ಲಾಸ್ಟಿಕ್ ಸಿಪ್ಪೆ. ವರ್ಷಗಳ ಕಾಲ ತೇಲಾಡಿ ಕೊನೆಗೆ ಇಲ್ಲಿ ಬಂದು ಸೇರುತ್ತದೆ. ತೊಳೆದು ಹಾಕಿದರೂ ಅದೇ ತೆಳ್ಳನೆ ಸದ್ದು. ಸರಿ, ಸ್ಪಂಜು ತಗೊಂಡು ಒಂದೊಂದೇ ಕೂಡುಗಂಟಿನ ಮೇಲೆ ನೀರು ಹಿಂಡುತ್ತಾ ಬಂದೆ. ಇದು ಗಾಳಿ ಹಿಡಿಯುವ ಉಪಾಯ: ಸಂದಿಯಿರುವ ಜಾಗಕ್ಕೆ ನೀರು ಬಿದ್ದರೆ ಪಂಪು ಗಾಳಿಯ ಬದಲು ಆ ನೀರನ್ನೇ ನುಂಗುತ್ತದೆ, ದನಿ ಬದಲಾಗುತ್ತದೆ. ಜಾಲರಿಗೂ ಪಂಪಿಗೂ ನಡುವಿನ ಪ್ಲಾಸ್ಟಿಕ್ ನಟ್ಟಿನ ಮೇಲೆ ಹಿಂಡಿದಾಗ ದನಿ ಒಂದು ಗಳಿಗೆ ದಪ್ಪಗಾಗಿ ಮತ್ತೆ ತೆಳ್ಳಗಾಯಿತು.

ಬಿಚ್ಚಿ ನೋಡಿದರೆ ತಿರುಪಿನ ಮರೆಯ ಮೇಲೆ ಟೆಫ್ಲಾನ್ ಟೇಪು ಸುತ್ತೋ ಸುತ್ತು. ಕೈಯಲ್ಲಿ ಬಿಗಿ ಮಾಡುವ ಈ ನಟ್ಟುಗಳಲ್ಲಿ ನೀರು ತಡೆಯುವುದು ಮರೆಯಲ್ಲ, ಒಳಗಿನ ರಬ್ಬರ್ ವಾಷರು. ಟೇಪಿನ ದಪ್ಪಕ್ಕೆ ನಟ್ಟು ಪೂರ್ತಿ ಕೂರದೆ ವಾಷರು ಒಂದು ಬದಿಗೆ ಸೊಟ್ಟಗಾಗಿತ್ತು. ಟೇಪು ಕಿತ್ತು, ನನ್ನ ಡಬ್ಬಿಯಿಂದ ಹೊಸ ವಾಷರು ಹಾಕಿ, ಕೈಯಲ್ಲೇ ಬಿಗಿದೆ. ಪಂಪು ಸ್ವಲ್ಪ ಹೊತ್ತು ಹಳೇ ರಾಗ ಹಾಡಿ, ಗುಟುಕ್ಕೆಂದು ನೀರು ಹಿಡಿದು ದನಿ ಇಳಿಸಿತು. ನಲ್ಲಿ ಎರಡು ಸಲ ಕೆಮ್ಮಿ ಸುರಿಯತೊಡಗಿತು. ಟ್ಯಾಂಕಿನ ನೀರನ್ನು ಮಕ್ಕಳು ಅರ್ಧ ಗಂಟೆಯಲ್ಲಿ ಮುಗಿಸಿದರು, ಅದು ಬೇರೆ ಮಾತು.

ನಡುರಾತ್ರಿಯ ‘ಟರ್ರ್’ ಇಷ್ಟು ಸ್ವಾರಸ್ಯದ್ದಲ್ಲ. ಹೆಚ್ಚಿನ ಪಾಲು ಟಾಯ್ಲೆಟ್ಟಿನ ವಾಲ್ವೋ ಹೊರಗಿನ ಶವರಿನ ನಲ್ಲಿಯೋ ತೊಟ್ಟಿಕ್ಕುತ್ತಿರುತ್ತದೆ. ಎಲ್ಲೂ ಒದ್ದೆ ಕಾಣದಿದ್ದರೆ ನೀರು ಪಂಪಿನ ಮೂಲಕವೇ ಹಿಂದಕ್ಕೆ, ಟ್ಯಾಂಕಿಗೆ ಹೋಗುತ್ತಿದೆ ಎಂದು ತಿಳಿಯಬಹುದು. ಇದಕ್ಕೊಂದು ತಮಾಷೆಯ ಸಾಕ್ಷಿಯಿದೆ: ಕ್ಯಾಂಪಿನ ನಲ್ಲಿಗೆ ಪೈಪು ಸಿಕ್ಕಿಸಿದಾಗ ಯಾರೂ ತುಂಬಿಸದ ಟ್ಯಾಂಕು ತಾನಾಗಿ ತುಂಬಿ ಕೆಳಗೆ ಸುರಿಯುತ್ತದೆ. ಜನ ಟ್ಯಾಂಕು ಒಡೆಯಿತೆಂದು ಗಾಬರಿಯಾಗುತ್ತಾರೆ. ತಪ್ಪೆಲ್ಲ ಪಂಪಿನ ಹಿಂತಡೆ ವಾಲ್ವಿನದು, ಎಷ್ಟೋ ಸಲ ಅದರಡಿ ಸಿಕ್ಕಿಕೊಂಡ ಒಂದು ಮರಳ ಕಣದ್ದು.

ಸದ್ದೇ ಇಲ್ಲದ ಪಂಪಿಗೆ ಫ್ಯೂಸು ನೋಡಿ, ಆಮೇಲೆ ಮಲ್ಟಿಮೀಟರ್ ಹಿಡಿಯಿರಿ. ಸ್ವಿಚ್ಚು ಹಾಕಿಯೇ ಅಳೆಯಬೇಕು. ಸುಮ್ಮನಿದ್ದಾಗ ತಂತಿಯಲ್ಲಿ 12 ವೋಲ್ಟ್ ತೋರಿ, ಮೋಟರಿನ ಭಾರ ಬಿದ್ದೊಡನೆ ಏಳಕ್ಕೋ ಎಂಟಕ್ಕೋ ಕುಸಿದರೆ, ಬ್ಯಾಟರಿ ಸೋತಿದೆ ಇಲ್ಲವೇ ಎಲ್ಲೋ ತಂತಿಯ ಗಂಟು ಕಿಲುಬು ಹಿಡಿದಿದೆ.

ಈಗ ಹೆಚ್ಚು ಸದ್ದು ಮಾಡದ, ವೇಗ ತಾನೇ ಹೊಂದಿಸಿಕೊಳ್ಳುವ ಪಂಪುಗಳು ಬಂದಿವೆ. ಒಳಗೆ ಸರ್ಕ್ಯೂಟ್ ಬೋರ್ಡು. ನನಗದು ಬೇಡ. ನೆಲ ನಡುಗುವಷ್ಟು ಸದ್ದಾದರೆ ಪಂಪಿನ ಎರಡೂ ಕಡೆಯ ಗಟ್ಟಿ ಪೈಪು ಕತ್ತರಿಸಿ ಒಂದೊಂದು ಮೊಳ ಮೆದು ಪೈಪು ಹಾಕಿ, ರಬ್ಬರು ಕಾಲುಗಳ ಸ್ಕ್ರೂ ಸ್ವಲ್ಪ ಸಡಿಲಿಸಿದರೆ ಸಾಕು. ಪೂರಾ ಬಾಯಿ ಕಟ್ಟಿದರೆ ಅದರ ಕಷ್ಟ ನನಗೆ ತಿಳಿಯುವುದಾದರೂ ಹೇಗೆ?

ನಿಮ್ಮ ಟ್ರೇಲರಿನ ಪಂಪೂ ಒಂದು ದಿನ ನೀರು ಎತ್ತದೆ ಬರಿದೇ ಓಡೀತು. ಹೊಸ ಪಂಪಿಗೆ ದುಡ್ಡು ಸುರಿಯುವ ಮುನ್ನ ಜಾಲರಿ ತೊಳೆಯಿರಿ, ವಾಷರು ನೋಡಿ, ಕೂಡುಗಂಟುಗಳ ಮೇಲೆ ಒಂದಿಷ್ಟು ನೀರು ಹಿಂಡಿ ಕಿವಿಗೊಡಿ. ಅಷ್ಟಕ್ಕೂ ಬಗ್ಗದಿದ್ದರೆ ಹೊಸದು ಕೊಂಡುಕೊಳ್ಳಿ. ಹಳೆಯದನ್ನು ಮಾತ್ರ ಕಸಕ್ಕೆ ಹಾಕಬೇಡಿ, ಅದರ ವಾಲ್ವು, ಸ್ವಿಚ್ಚು, ಸ್ಕ್ರೂ ಒಂದೊಂದೂ ಮುಂದೆ ಉಪಯೋಗಕ್ಕೆ ಬರುತ್ತವೆ.