ಬೂಸಾನ್ ನಗರದಲ್ಲಿ ಕಡೆಯ ಶ್ರಾವಣ ಸೋಮವಾರ

2024ನೆಯ ಇಸವಿಯ ಶ್ರಾವಣ ಮಾಸ ಮುಗಿಯಲು ಇನ್ನೊಂದು ವಾರವಿರುವಾಗ, ಕೆಸರೆಯ ನಮ್ಮ ಮನೆಯಿಂದ ಒಂದು ಹೆಣ್ಣುಮಗು ಕೊರಿಯಾ ದೇಶಕ್ಕೆ ಓದಲು ಹೊರಟಿತು. ಮಗು ಎಂದೆ, ವಯಸ್ಸು ಇಪ್ಪತ್ತು, ಇಂಜಿನಿಯರಿಂಗ್ ವ್ಯಾಸಂಗದ ಮೂರನೆಯ ವರ್ಷ. ನನ್ನ ಮಗಳ ಮಗಳು. ಅವಳ ಕಾಲೇಜಿಗೂ ದಕ್ಷಿಣ ಕೊರಿಯಾದ ಬೂಸಾನ್ ನಗರದ ಒಂದು ವಿಶ್ವವಿದ್ಯಾಲಯಕ್ಕೂ ವಿದ್ಯಾರ್ಥಿ ವಿನಿಮಯದ ಒಪ್ಪಂದವಿದ್ದು, ಒಂದು ಅರ್ಧವರ್ಷ ಅಲ್ಲಿ ಓದಿ ಬರುವುದೆಂದು ಗೊತ್ತಾಗಿತ್ತು.

ಮನೆಯವರಿಗೆಲ್ಲ ಸಂತೋಷ. ನನಗೂ ಸಂತೋಷವೇ. ಆದರೆ ಮಠದ ಅನ್ನದಲ್ಲಿ ಬೆಳೆದು, ಮಠದ ಪಾಠಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಅರವತ್ತೇಳು ವರ್ಷ ಕಳೆದಿರುವ ನನ್ನಂಥವನಿಗೆ ಆ ಸಂತೋಷದ ಬೆನ್ನಿಗೇ ಒಂದು ಕಳವಳವೂ ಹುಟ್ಟಿತು. ಈ ಮಗುವಿನ ಕೊರಳಲ್ಲಿರುವ ಇಷ್ಟಲಿಂಗಕ್ಕೆ ಆ ದೇಶದಲ್ಲಿ ದಿನವೂ ಮಜ್ಜನವಾದೀತೇ? ಊಟಕ್ಕೆ ಏನು ಗತಿ? ಕೇಳಿದರೆ, "ತಾತ, ಎಲ್ಲಾ ಆಗುತ್ತೆ, ನೀವು ಸುಮ್ಮನಿರಿ" ಎಂದು ನಕ್ಕಳು.

ಪೆಟ್ಟಿಗೆ ಕಟ್ಟುವ ದಿನ ವಿಭೂತಿಯ ವಿಷಯದಲ್ಲಿ ಸಣ್ಣದೊಂದು ಚರ್ಚೆಯಾಯಿತು. ಪುಡಿಯ ಪೊಟ್ಟಣವನ್ನು ಕಂಡರೆ ವಿಮಾನ ನಿಲ್ದಾಣದಲ್ಲಿ ಏನೆಂದು ತಿಳಿಯುತ್ತಾರೋ ಎಂದು ಅವಳ ತಾಯಿಗೆ ಭಯ. ಕಡೆಗೆ ಎರಡು ವಿಭೂತಿ ಗಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಟ್ಟರು. ಅಜ್ಜಿ ಹುರಿಟ್ಟು, ಚಟ್ನಿಪುಡಿ, ಒಣ ರೊಟ್ಟಿ, ಉಪ್ಪಿನಕಾಯಿಗಳನ್ನು ತುಂಬಿದಳು. ತೂಕ ಹೆಚ್ಚಾಯಿತೆಂದು ಮೊಮ್ಮಗಳು ತೆಗೆದುಹಾಕಿದ್ದು ಪುಸ್ತಕಗಳನ್ನು, ರೊಟ್ಟಿಯನ್ನಲ್ಲ. ಇದರಲ್ಲಿ ಅವಳ ವಿವೇಕವನ್ನು ನಾನು ಮೆಚ್ಚಿದೆ.

ಕೊರಿಯಾ ಎಂಬ ಹೆಸರು ನಮ್ಮ ಸೀಮೆಯವರಿಗೆ ತೀರ ಹೊಸದಲ್ಲ. ಅಲ್ಲಿಯ ಯುದ್ಧ 1953ರ ಜುಲೈಯಲ್ಲಿ ನಿಂತ ಮೇಲೆ, ತಾಯ್ನಾಡಿಗೆ ಮರಳಲೊಲ್ಲದ ಸೆರೆಯಾಳುಗಳ ವಿಚಾರವನ್ನು ನೋಡಿಕೊಳ್ಳಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಆ ಯುದ್ಧದ ಹೆಚ್ಚಿನ ಕಾಲ ದಕ್ಷಿಣದವರ ತಾತ್ಕಾಲಿಕ ರಾಜಧಾನಿಯಾಗಿದ್ದದ್ದು ಇದೇ ಬೂಸಾನ್. ನಿರಾಶ್ರಿತರಿಂದ ತುಂಬಿಹೋಗಿದ್ದ ಆ ಬಂದರು ಇಂದು ಆ ದೇಶದ ಎರಡನೆಯ ದೊಡ್ಡ ನಗರ. ಒಂದು ಕಡೆ ಸಮುದ್ರ, ಮಿಕ್ಕ ಕಡೆಗಳಲ್ಲಿ ಬೆಟ್ಟಗಳು. ಬೆಟ್ಟಗಳ ಸಂದುಗಳಲ್ಲಿ ಮನೆಗಳು. "ನಮ್ಮ ಚಾಮುಂಡಿ ಬೆಟ್ಟದಂಥವು ಹತ್ತು ಇವೆ ತಾತ, ಕಾಲೇಜಿನೊಳಗೇ ಬೆಟ್ಟ ಹತ್ತಬೇಕು" ಎಂದು ಮೊದಲ ದಿನವೇ ದೂರವಾಣಿಯಲ್ಲಿ ಹೇಳಿದಳು.

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದು. ನಾನು ಬೆಳಗಿನ ಐದಕ್ಕೆ ಪೂಜೆಗೆ ಕುಳಿತಾಗ ಅವಳಿಗೆ ಎಂಟೂವರೆ, ತರಗತಿಗೆ ಹೊರಡುವ ಹೊತ್ತು. ಆದ್ದರಿಂದ ನಮ್ಮ ಮಾತೆಲ್ಲ ಸಂಜೆಗೆ. ಆ ಮೊದಲ ಸಂಜೆಗಳಲ್ಲಿ ಕೇಳಿದ್ದೆಲ್ಲ ನನಗೆ ಹಬ್ಬದೂಟದಂತಿತ್ತು. ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಜೊತೆಗಿರುವವಳು ಒಬ್ಬ ಕೊರಿಯಾದ ಹುಡುಗಿ. ಹೆಸರು ಕೇಳಿದ ಮರುಕ್ಷಣವೇ ಅವಳು ಕೇಳಿದ್ದು ಹುಟ್ಟಿದ ವರ್ಷವನ್ನು! ವಯಸ್ಸು ಗೊತ್ತಾಗದೆ ಅಲ್ಲಿ ಮಾತು ಸಾಗದಂತೆ. ಕ್ರಿಯಾಪದದ ಕೊನೆಯಲ್ಲಿಯೇ ಗೌರವದ ರೂಪ ಬೇರೆ, ಸಲಿಗೆಯ ರೂಪ ಬೇರೆ. ಆ ಹುಡುಗಿ ಒಂದು ವರ್ಷ ಹಿರಿಯಳಾದ್ದರಿಂದ ನಮ್ಮ ಹುಡುಗಿ ಅವಳನ್ನು 'ಒನ್ನಿ' ಎಂದು ಕರೆಯಬೇಕು. ಹೆಣ್ಣುಮಗಳು ತನ್ನ ಅಕ್ಕನನ್ನು ಕರೆಯುವ ಮಾತದು. ಅವರ ಮನೆಗಳಲ್ಲಿ ಮಕ್ಕಳು ತಂದೆಯನ್ನು 'ಅಪ್ಪ' ಎಂದೂ, ತಾಯಿಯನ್ನು ಸುಮಾರಾಗಿ 'ಅಮ್ಮ' ಎಂದೇ ಕೇಳಿಸುವಂತೆಯೂ ಕರೆಯುತ್ತಾರೆ. ಈ ಹೋಲಿಕೆಗಳನ್ನು ಹಿಡಿದು ಹುಲ್ಬರ್ಟ್ ಎಂಬ ಪಾದ್ರಿ ಇಪ್ಪತ್ತನೆಯ ಶತಮಾನದ ಮೊದಲಲ್ಲಿಯೇ ಕೊರಿಯಾದ ಭಾಷೆಯನ್ನೂ ನಮ್ಮ ದ್ರಾವಿಡ ಭಾಷೆಗಳನ್ನೂ ತೂಗಿ ನೋಡಿ ಒಂದು ವ್ಯಾಕರಣ ಬರೆದನು. ಇಂದಿನ ಭಾಷಾಶಾಸ್ತ್ರಜ್ಞರು ಆ ನಂಟನ್ನು ಒಪ್ಪುವುದಿಲ್ಲ. ಒಪ್ಪದಿದ್ದರೂ, ಕ್ರಿಯಾಪದವನ್ನು ವಾಕ್ಯದ ಕಡೆಯಲ್ಲಿಡುವುದರಲ್ಲಿ ಅವರೂ ನಾವೂ ಒಂದೇ.

ಅವರ ಲಿಪಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅಕ್ಷರ ಕಂಡಲ್ಲಿ ನಿಲ್ಲುವುದು ನನ್ನ ಹಳೆಯ ಚಾಳಿ. ಕೊರಿಯಾದವರು ಚೀನೀ ಲಿಪಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ಅದನ್ನು ಕಲಿಯಲಾರದ ಸಾಮಾನ್ಯ ಜನರಿಗಾಗಿ ಸೆಜೊಂಗ್ ಎಂಬ ದೊರೆ 1443ರಲ್ಲಿ ಹೊಸ ಅಕ್ಷರಗಳನ್ನು ರೂಪಿಸಿ 1446ರಲ್ಲಿ ಪ್ರಕಟಿಸಿದನು. ಈಗ ಬಳಕೆಯಲ್ಲಿರುವ ಮೂಲಾಕ್ಷರಗಳು 24. ಉಚ್ಚಾರದಲ್ಲಿ ನಾಲಗೆ, ತುಟಿ, ಹಲ್ಲು, ಗಂಟಲುಗಳು ಹೇಗಿರುತ್ತವೆಯೋ ಅದರಂತೆ ಕೆಲವು ವ್ಯಂಜನಗಳ ಆಕಾರ. ವ್ಯಂಜನ, ಸ್ವರ, ಅಡಿಯಲ್ಲೊಂದು ವ್ಯಂಜನ ಎಂದು ಒಂದೊಂದು ಉಚ್ಚಾರವನ್ನೂ ಒಂದೊಂದು ಚೌಕದಲ್ಲಿ ಕೂಡಿಸುತ್ತಾರೆ. ನಮ್ಮ ಗುಣಿತಾಕ್ಷರ ಒತ್ತಕ್ಷರಗಳನ್ನು ಬಲ್ಲವನಿಗೆ ಇದು ಕಷ್ಟವಲ್ಲ. ಮೊಮ್ಮಗಳು ಕಳುಹಿಸಿದ ಬಸ್ ನಿಲ್ದಾಣದ ಚಿತ್ರದಲ್ಲಿ 'ಬೂಸಾನ್' ಎಂಬುದನ್ನು ನಾನು ಓದಿಬಿಟ್ಟೆ. ಸಂಸ್ಕೃತವನ್ನು ಬಿಟ್ಟು ಜನರಾಡುವ ಕನ್ನಡದಲ್ಲಿ ಅನುಭಾವವನ್ನು ನುಡಿದ ಶರಣರ ಮಠದಲ್ಲಿ ಬೆಳೆದ ನನಗೆ ಆ ದೊರೆಯ ಮೇಲೆ ಗೌರವ ಮೂಡಿದ್ದರಲ್ಲಿ ಆಶ್ಚರ್ಯವೇನಿದೆ?

ಇಷ್ಟೆಲ್ಲ ಹೇಳುತ್ತಿದ್ದವಳು ಎರಡು ವಿಷಯಗಳನ್ನು ಮಾತ್ರ ಹೇಳಿರಲಿಲ್ಲ.

ಸೆಪ್ಟೆಂಬರ್ 2, ಸೋಮವಾರ. ಅಲ್ಲಿ ತರಗತಿಗಳು ಆರಂಭವಾದ ದಿನ. ಇಲ್ಲಿ ಕಡೆಯ ಶ್ರಾವಣ ಸೋಮವಾರ. ರಾತ್ರಿ ಪೂಜೆ ಮುಗಿಸಿ ಮೊಬೈಲ್ ತೆಗೆದರೆ ಅವಳ ಉದ್ದನೆಯ ಸಂದೇಶ ಬಂದಿತ್ತು. ಹೋದ ಐದು ದಿನಗಳಿಂದ ಲಿಂಗಪೂಜೆ ಮಾಡಿಲ್ಲವೆಂದು ಬರೆದಿದ್ದಳು. ಕೋಣೆಯಲ್ಲಿ ಎರಡು ಮಂಚ, ಎರಡು ಮೇಜು, ನಡುವೆ ಒಬ್ಬರು ನಡೆಯುವಷ್ಟು ಜಾಗ. ಅಪರಿಚಿತಳ ಮುಂದೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂರಲು ನಾಚಿಕೆಯಾಯಿತು. ನಾಳೆ ಎಂದುಕೊಂಡು ದಿನ ಕಳೆದೆ ಎಂದಿದ್ದಳು. ಎರಡನೆಯದು ಊಟದ್ದು. ಭೋಜನಶಾಲೆಯಲ್ಲಿ ಅನ್ನದ ಜೊತೆಗೆ ತರಕಾರಿಯ ತಿಳಿಸಾರು ಕೊಟ್ಟಿದ್ದರು. ಮೂರು ದಿನ ಕುಡಿದ ಮೇಲೆ ಗೊತ್ತಾಯಿತಂತೆ, ಆ ಸಾರಿಗೆ ಒಣಮೀನು ಕುದಿಸಿದ ನೀರೇ ಆಧಾರವೆಂದು. ಕಿಮ್‌ಚಿ ಎಂಬ ಅವರ ಕೋಸಿನ ಉಪ್ಪಿನಕಾಯಿಗೂ ಮೀನಿನ ರಸವನ್ನೋ ಉಪ್ಪುಹಾಕಿದ ಸೀಗಡಿಯನ್ನೋ ಬೆರೆಸುವುದು ವಾಡಿಕೆ. ಕಡೆಯಲ್ಲಿ, "ಅಮ್ಮನಿಗೆ ಹೇಳಿಲ್ಲ ತಾತ. ನಿಮಗೆ ಹೇಳದೆ ಇರೋಕೆ ಆಗಲಿಲ್ಲ" ಎಂದಿದ್ದಳು.

ನಾನು ಆಗ ಮಾಡಿದ್ದನ್ನು ಮರೆಮಾಚದೆ ಬರೆಯುತ್ತೇನೆ. ಆಚಾರ ತಪ್ಪಿದ ಮೇಲೆ ಯಾವ ವಿದ್ಯೆ ಬಂದರೇನು, ಅಂಥ ಕಡೆಗೆ ಹೋಗಬೇಕಾಗಿಯೇ ಇರಲಿಲ್ಲ ಎಂದು ನಾಲ್ಕು ಸಾಲು ಟೈಪು ಮಾಡಿ ಕಳುಹಿಸಿಬಿಟ್ಟೆ. ಶಾಸ್ತ್ರ ಓದಿದವನಿಗೆ ಕೋಪಕ್ಕೂ ಆಧಾರ ವಾಕ್ಯಗಳು ಬೇಗ ಸಿಗುತ್ತವೆ. ಮರುದಿನ ಅವಳ ಕರೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ನನ್ನ ಮಗಳಿಗೆ ವಿಷಯ ತಿಳಿಯಿತು. ಅಡಿಗೆಮನೆಯಿಂದ ಬಂದವಳು ನಿಂತೇ ಹೇಳಿದಳು: "ಅಪ್ಪಾಜಿ, ಪೂಜೆ ಆಯ್ತಾ ಅಂತ ಕೇಳಿದಾಗ ಆಯ್ತು ಅಂದುಬಿಟ್ಟಿದ್ದರೆ ನಿಮಗೆ ಗೊತ್ತಾಗ್ತಿತ್ತಾ? ಸುಳ್ಳು ಹೇಳಬಹುದಿತ್ತು, ಅವಳು ಹೇಳಲಿಲ್ಲ."

ಆ ಮಾತು ನನ್ನನ್ನು ಹೊಡೆದದ್ದು ಏಕೆಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಈಗ ಉಳಿದಿಲ್ಲ.

1968ರಲ್ಲಿ ನಂಜನಗೂಡು ತಾಲ್ಲೂಕಿನ ನಮ್ಮ ಹಳ್ಳಿಯಿಂದ ನನ್ನನ್ನು ಮೈಸೂರಿಗೆ ಕರೆತಂದು ಮಠವೊಂದರ ಪ್ರಸಾದನಿಲಯದಲ್ಲಿ ಬಿಟ್ಟರು. ಇಪ್ಪತ್ತೈದು ಮೈಲಿಯೂ ಇಲ್ಲದ ದಾರಿ. ಹನ್ನೊಂದು ವರ್ಷದ ನನಗೆ ಅದೇ ಪರದೇಶ. ಎರಡನೆಯ ವಾರದಲ್ಲಿ ತೊಟ್ಟಿಯ ಬಳಿ ಸ್ನಾನ ಮಾಡುವಾಗ ಶಿವದಾರ ಹರಿಯಿತು. ನಮಗೆ ಬೆಳ್ಳಿಯ ಕರಡಿಗೆಯೆಲ್ಲಿಯದು? ಲಿಂಗವಸ್ತ್ರದಲ್ಲಿ ಕಟ್ಟಿದ್ದ ಲಿಂಗ ನೀರಿನೊಡನೆ ಬಚ್ಚಲಿನ ಕಾಲುವೆಗೆ ಹೋಯಿತು. ಹುಡುಕಿದೆ, ಸಿಗಲಿಲ್ಲ. ಲಿಂಗ ಕಳೆದುಕೊಂಡವನು ಬದುಕಿರಬಾರದೆಂದು ಅಜ್ಜಿಯ ಬಾಯಲ್ಲಿ ಕೇಳಿದ್ದ ನಾನು, ಅಂಗಳದಲ್ಲಿ ಬಿದ್ದಿದ್ದ ಒಂದು ದುಂಡನೆಯ ಬೆಣಚುಕಲ್ಲನ್ನು ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ಬೆಳಗೂ ಸಂಜೆಯೂ ನೂರಾರು ಹುಡುಗರ ನಡುವೆ ಕುಳಿತು, ಎಡಗೈಯನ್ನು ಬಟ್ಟಲಿನಂತೆ ಬಗ್ಗಿಸಿ, ಯಾರಿಗೂ ಕಾಣದಂತೆ ಆ ಕಲ್ಲಿಗೆ ನೀರೆರೆದು ಪತ್ರೆ ಏರಿಸಿದೆ.

ಹತ್ತನೆಯ ದಿನ, ನಮಗೆ ಅಮರಕೋಶ ಪಾಠ ಹೇಳುತ್ತಿದ್ದ ಹಿರಿಯ ಮರಿದೇವರು ಸಂಜೆ ನನ್ನನ್ನು ಹತ್ತಿರ ಕರೆದರು. ಅರಿವೆಯನ್ನು ಬಿಚ್ಚಿ ನೋಡಿದರು. "ಎಷ್ಟು ದಿನ ಆಯ್ತೋ?" ಎಂದರು. "ಒಂಬತ್ತು ದಿನ ಬುದ್ಧಿ" ಎಂದೆ. "ಒಂಬತ್ತು ದಿನವೂ ಪೂಜೆ ಮಾಡಿದೆಯಾ?" "ಮಾಡಿದೆ ಬುದ್ಧಿ." ಅವರು ಬಹಳ ಹೊತ್ತು ಸುಮ್ಮನಿದ್ದರು. ಮರುದಿನ ಬೆಳಿಗ್ಗೆ ಹೊಸ ಲಿಂಗವನ್ನು ಕೊರಳಿಗೆ ಕಟ್ಟಿಸಿದ ಮೇಲೆ, ಆ ಕಲ್ಲನ್ನು ನನ್ನ ಕೈಗೇ ಕೊಟ್ಟು, "ಎಸೆಯಬೇಡ. ಇದೂ ಒಂಬತ್ತು ದಿನ ನೀರು ಕಂಡಿದೆ. ಬಿಲ್ವದ ಬುಡದಲ್ಲಿ ಇಟ್ಟು ಬಾ" ಎಂದರು. ಆ ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಐವತ್ತಾರು ವರ್ಷ; ಕೈಹಿಡಿದವಳಿಗೂ ಸಹ.

ಆ ರಾತ್ರಿ ಮೊಮ್ಮಗಳಿಗೆ ಇದನ್ನೆಲ್ಲ ಬರೆದೆ. ಬೆರಳಿನಲ್ಲಿ ಟೈಪು ಮಾಡಲಾಗದೆ, ಕಾಗದದ ಮೇಲೆ ಶಾಯಿಯಲ್ಲಿ ಬರೆದು, ಅದರ ಚಿತ್ರ ತೆಗೆದು ಕಳುಹಿಸಿದೆ. ಮೊದಲು ಕಳುಹಿಸಿದ್ದ ನಾಲ್ಕು ಸಾಲುಗಳು ತಪ್ಪೆಂದೂ ಬರೆದೆ. ಅವಳಿಗಿಂತ ನಾನು ದೊಡ್ಡ ಅಪರಾಧಿ ಎಂಬುದು ಕಾಗದದಲ್ಲಿ ತಾನಾಗಿಯೇ ಇತ್ತು.

ಉತ್ತರವಾಗಿ ಬಂದದ್ದು ಒಂದೇ ಪ್ರಶ್ನೆ: "ಆ ಬಿಲ್ವದ ಮರ ಈಗಲೂ ಇದೆಯಾ ತಾತ?"

ಮುಂದಿನದನ್ನು ಬೇಗ ಹೇಳುತ್ತೇನೆ. ಮರುದಿನ ಅವಳು ಜೊತೆಗಾತಿ ಏಳುವುದಕ್ಕೆ ಮೊದಲು, ಐದೂವರೆಗೆ, ಎಂದರೆ ನಮಗೆ ನಡುರಾತ್ರಿ ಎರಡು ಗಂಟೆಗೆ, ಸ್ನಾನ ಮಾಡಿ ಪೂಜೆಗೆ ಕುಳಿತಳು. ಮೂರನೆಯ ದಿನ ಆ ಹುಡುಗಿ ಎಚ್ಚರಗೊಂಡು ನೋಡಿದಳು. ಪೂಜೆ ಮುಗಿಯುವವರೆಗೆ ಮಂಚದಿಂದ ಕಾಲು ಇಳಿಸಲಿಲ್ಲವಂತೆ. ಆಮೇಲೆ, ಮೊದಲೇ ಹೇಳಿದ್ದರೆ ನಾನು ರಾತ್ರಿ ಬೇಗ ದೀಪ ಆರಿಸುತ್ತಿದ್ದೆನಲ್ಲಾ ಎಂದು ಅವಳೇ ಆಕ್ಷೇಪಿಸಿದಳಂತೆ. ಐದು ದಿನ ಯಾರಿಗೆ ಹೆದರಿ ಕುಳಿತಿದ್ದಳೋ ಅವಳು ಇವಳು. ಭೋಜನಶಾಲೆಯಲ್ಲಿ ಯಾವ ಪಾತ್ರೆಯಲ್ಲಿ ಮೀನಿದೆ, ಯಾವುದರಲ್ಲಿಲ್ಲ ಎಂಬುದನ್ನು ಅಡಿಗೆಯವರನ್ನು ಕೇಳಿ ಹೇಳುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಮೊಟ್ಟೆ ಮಾಂಸಗಳಿಲ್ಲದೆ ತರಕಾರಿಗಳನ್ನು ಅನ್ನಕ್ಕೆ ಕಲಸಿದ 'ಬಿಬಿಂಬಾಪ್' ಎಂಬುದು, ಅದರೊಂದಿಗೆ ಅಜ್ಜಿಯ ಚಟ್ನಿಪುಡಿ, ಇದೇ ಬಹಳ ದಿನಗಳ ಊಟವಾಯಿತು. ಚಟ್ನಿಪುಡಿ ನಿರೀಕ್ಷೆಗಿಂತ ಬೇಗ ಮುಗಿಯಿತು, ತಿಂದವರು ಇಬ್ಬರು.

ಸೆಪ್ಟೆಂಬರ್ 17ರಂದು ಅವರ ದೊಡ್ಡ ಹಬ್ಬ, ಚುಸೊಕ್. ನಮ್ಮ ಭಾದ್ರಪದ ಹುಣ್ಣಿಮೆಯ ಹೊತ್ತಿಗೆ ಬರುವ ಸುಗ್ಗಿಯ, ಹಿರಿಯರ ಹಬ್ಬ. ಹುಡುಗರೆಲ್ಲ ಊರಿಗೆ ಹೋಗಿ ಭೋಜನಶಾಲೆ ಮುಚ್ಚಿತು. ಹಬ್ಬ ಕಳೆದ ಮೇಲಿನ ಒಂದು ರಜೆಯ ದಿನ ಆ ಹುಡುಗಿ ಇವಳನ್ನು ಬೊಮೊಸಾ ಎಂಬ ಬೌದ್ಧ ಮಠಕ್ಕೆ ಕರೆದೊಯ್ದಳು. ನಗರದಂಚಿನ ಬೆಟ್ಟದಲ್ಲಿ 678ರಲ್ಲಿ ಸ್ಥಾಪಿತವಾಯಿತೆಂದು ಹೇಳುವ ಮಠ. ಒಂದು ರಾತ್ರಿ ಅಲ್ಲಿ ತಂಗಲು ಸಂದರ್ಶಕರಿಗೂ ಅವಕಾಶವಿದೆ. ಅಲ್ಲಿಯ ಅಡಿಗೆಯಲ್ಲಿ ಮೀನು ಮಾಂಸವಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಭಿಕ್ಷುಗಳ ಕ್ರಮದಲ್ಲಿ ಊಟಕ್ಕೆ ಕುಳಿತರೆ ಬಟ್ಟಲಿನಲ್ಲಿ ಒಂದು ಅಗುಳನ್ನೂ ಬಿಡುವಂತಿಲ್ಲ. ಕಡೆಗೆ ನೀರು ಹಾಕಿ ಬಟ್ಟಲನ್ನು ತೊಳೆದು ಆ ನೀರನ್ನೇ ಕುಡಿಯಬೇಕು. ಜೊತೆಯಲ್ಲಿದ್ದ ಪರದೇಶದ ಹುಡುಗರು ಹಿಂಜರಿದಾಗ ನಮ್ಮ ಹುಡುಗಿ ಸಲೀಸಾಗಿ ತೊಳೆದು ಕುಡಿದಳಂತೆ. ನಾನು ಇಂದಿಗೂ ಮನೆಯಲ್ಲಿ ತಟ್ಟೆ ತೊಳೆದು ಕುಡಿಯುವುದನ್ನು ಕಂಡು, "ಇದೇನು ತಾತ" ಎಂದು ಮೂಗು ಮುರಿಯುತ್ತಿದ್ದವಳು ಅವಳೇ! ಪ್ರಸಾದವನ್ನು ಕೆಡಿಸಬಾರದೆಂಬ ಪಾಠವನ್ನು ಕಲಿಯಲು ಕೆಸರೆಯಿಂದ ಬೂಸಾನಿಗೆ ಹೋಗಬೇಕಾಯಿತೇ ಎಂದು ಅಜ್ಜಿ ನಕ್ಕಳು.

ಅಕ್ಟೋಬರಿನಲ್ಲಿ ಒಂದು ಚಿತ್ರ ಬಂತು. ರೇಷ್ಮೆಯ ಹುರಿಯಲ್ಲಿ ಅವರ ದೇಶದ ಕುಸುರಿಯ ಗಂಟುಗಳನ್ನು ಹಾಕಿದ ದಾರ. ಇವಳ ಶಿವದಾರ ಸವೆದಿರುವುದನ್ನು ನೋಡಿ ಆ ಹುಡುಗಿ ತಾನೇ ಕುಳಿತು ಹೆಣೆದುಕೊಟ್ಟಿದ್ದಾಳೆ. ಲಿಂಗಕ್ಕೆ ಇದನ್ನು ಕಟ್ಟಬಹುದೇ, ಬೇರೆ ಮತದವರು ಮಾಡಿದ್ದಲ್ಲವೇ, ಎಂದು ಮೊಮ್ಮಗಳ ಪ್ರಶ್ನೆ.

ಗ್ರಂಥಗಳನ್ನು ತೆಗೆಯಲಿಲ್ಲ. ಮಡಿನೀರಿನಲ್ಲಿ ಅದ್ದಿ, ವಿಭೂತಿ ಹಚ್ಚಿ ಕಟ್ಟಿಕೊ ಎಂದು ಬರೆದೆ. ಕಟ್ಟುವ ಮೊದಲು ಎರಡೂ ಕೈಯಿಂದ ಬಲವಾಗಿ ಎಳೆದು ನೋಡು ಎಂದೂ ಬರೆದೆ.