ಕೊಂಡಿ ಕಳಚಿದ ಚೀಟಿಗಳು

ಊರಿಗೆ ಹೋದಾಗ ಯಾರಾದರೂ "ಏನು ಕೆಲಸಮ್ಮ ನಿಂದು?" ಎಂದು ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದು ಹೇಳಿ ಪಾರಾಗುತ್ತೇನೆ. ನಿಜ ಹೇಳಬೇಕೆಂದರೆ ನನ್ನದು ಬರೆಯಿಸುವ ಕೆಲಸ. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಹುಡುಗ ಹುಡುಗಿಯರು ಮಾಡಿದ ಪ್ರೋಗ್ರಾಮು ಹೇಗೆ ನಡೆಯುತ್ತದೆ, ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಅವರಿಂದಲೇ ಬರೆಯಿಸಿ, ತಿದ್ದಿ, ಒಪ್ಪಮಾಡಿ ಇಡುವುದು. ಅಡುಗೆ ಅವರದು, ಅಡುಗೆ ಪುಸ್ತಕ ನನ್ನದು ಎನ್ನಿ.

ಇಲ್ಲಿ ಪ್ರತಿ ಕೆಲಸಕ್ಕೂ ಒಂದು ಚೀಟಿ, ಚೀಟಿಗೊಂದು ನಂಬರು. ಟಿಕೆಟ್ ಎನ್ನುತ್ತಾರೆ. ಯಾರು ಮಾಡಬೇಕು, ಎಲ್ಲಿಗೆ ಬಂತು, ಮುಗಿಯಿತೇ ಎಂಬುದೆಲ್ಲ ಅದರಲ್ಲಿರುತ್ತದೆ. ಈ ಚೀಟಿಗಳ ಪೆಟ್ಟಿಗೆಯ ಹೆಸರು ಜಿರಾ. ಒಗ್ಗರಣೆಯ ಜೀರಾ ಅಲ್ಲ! 2002ರಲ್ಲಿ ಸಿಡ್ನಿಯ ಇಬ್ಬರು ಕಾಲೇಜು ಗೆಳೆಯರು ಕಟ್ಟಿದ ಅಟ್ಲಾಸಿಯನ್ ಎಂಬ ಕಂಪೆನಿಯದು. ಮೊದಲು ಅವರು ಬಗ್‌ಜಿಲ್ಲಾ ಎಂಬುದನ್ನು ಬಳಸುತ್ತಿದ್ದರಂತೆ. ಅದರಿಂದ ಸಿನಿಮಾದ ಗಾಡ್‌ಜಿಲ್ಲಾ ರಾಕ್ಷಸ ನೆನಪಾಗಿ, ಅವನ ಜಪಾನೀ ಹೆಸರು ಗೊಜಿರಾದ ತಲೆ ಕತ್ತರಿಸಿ ಉಳಿಸಿಕೊಂಡದ್ದು ಜಿರಾ. ಬರೆದಿಡುವ ಪುಟಗಳಿಗೆ 2004ರಲ್ಲಿ ಬಂದ ಅವರದೇ ಇನ್ನೊಂದಿದೆ, ಕಾನ್‌ಫ್ಲುಯೆನ್ಸ್. ಅಂದರೆ ಸಂಗಮ. ಹೆಸರೇನೋ ಚೆನ್ನಾಗಿದೆ.

ಇವೆರಡರ ನಂಟು ನನಗೆ ನಮ್ಮಮ್ಮನ ಮುಯ್ಯಿ ಪುಸ್ತಕವನ್ನು ನೆನಪಿಸುತ್ತದೆ. ಮದುವೆಗೆ ಬಂದವರು ಮಾಡಿದ ಮುಯ್ಯಿ ನಮ್ಮ ಪುಸ್ತಕದಲ್ಲಿ. ನಾವು ಅವರ ಮನೆಯಲ್ಲಿ ಮಾಡಿದ್ದು ಅವರ ಪುಸ್ತಕದಲ್ಲಿ. ಒಮ್ಮೆ ನೆಂಟರೊಬ್ಬರ ಪುಸ್ತಕದಲ್ಲಿ ನಮ್ಮ ಬೆಳ್ಳಿ ಬಟ್ಟಲು ಬರೆಯದೆ ಹೋಗಿ, ನಾವು ಬರಿಗೈಯಲ್ಲಿ ಬಂದೆವೆಂಬ ಮಾತು ಹತ್ತು ವರ್ಷ ಉಳಿದಿತ್ತು. ಬಟ್ಟಲು ಅವರ ದೇವರ ಮನೆಯಲ್ಲೇ ಇತ್ತು! ಜಿರಾದಲ್ಲಿ ಈ ತಾಪತ್ರಯವಿಲ್ಲ. ಕಾನ್‌ಫ್ಲುಯೆನ್ಸಿನ ಪುಟದಲ್ಲಿ ಚೀಟಿಯ ಕೊಂಡಿ ಹಾಕಿ ಉಳಿಸಿದರೆ, ಅತ್ತ ಚೀಟಿಯಲ್ಲೂ ಆ ಪುಟದ ಹೆಸರು ತಾನಾಗಿ ಮೂಡುತ್ತದೆ. ಮೂಡಬೇಕು.

ಮೊದಲು ಇವೆರಡೂ ನಮ್ಮ ಆಫೀಸಿನದೇ ಯಂತ್ರಗಳಲ್ಲಿದ್ದವು. ಆ ಸರ್ವರ್ ಆವೃತ್ತಿಗೆ 2024ರ ಫೆಬ್ರವರಿ 15ಕ್ಕೆ ತಯಾರಕರ ಬೆಂಬಲ ನಿಲ್ಲುವುದಿತ್ತು. ಹಾಗಾಗಿ 2023ರ ಕೊನೆಯಲ್ಲಿ ನಮ್ಮ ಆಫೀಸಿನವರು ಗಂಟುಮೂಟೆ ಕಟ್ಟಿ ಕ್ಲೌಡಿಗೆ ಹೊರಟರು. ಅವಸರದ ಸಾಗಾಟ. ಮನೆ ಬದಲಾಯಿಸಿದ ಮೇಲೂ ಕಾಗದಗಳು ಹಳೇ ವಿಳಾಸಕ್ಕೇ ಹೋಗುವುದಿಲ್ಲವೇ, ಹಾಗೆ ಎಷ್ಟೋ ಕೊಂಡಿಗಳು ಹಳೇ ವಿಳಾಸವನ್ನೇ ಹಿಡಿದು ಕೂತವು. ಯಾರೂ ಗಮನಿಸಲಿಲ್ಲ.

ನಮ್ಮ ಗುಂಪಿನ ಹುಡುಗಿಯೊಬ್ಬಳು ಆಗ ಹೆರಿಗೆ ರಜೆಯಲ್ಲಿದ್ದಳು. 2017ರ ತಿದ್ದುಪಡಿಯಿಂದ ಸಿಕ್ಕಿರುವ 26 ವಾರ ಮುಗಿಸಿ, ಮಗುವನ್ನು ಅಮ್ಮನ ಬಳಿ ಬಿಟ್ಟು ಏಪ್ರಿಲ್‌ನಲ್ಲಿ ಬಂದವಳಿಗೆ ಮೊದಲ ವಾರವೇ ಮ್ಯಾನೇಜರು ಪಟ್ಟಿಯೊಂದನ್ನು ಕಳಿಸಿದರು. ರಜೆಗೆ ಮುಂಚೆ ಅವಳು ಮುಗಿಸಿದ 31 ಚೀಟಿಗಳಿಗೆ ದಾಖಲೆಯೇ ಇಲ್ಲ. ವರ್ಷದ ಮೌಲ್ಯಮಾಪನದಲ್ಲಿ ಹಾಗೆಂದು ಷರಾ ಬರೆಯಲಾಗುವುದು.

"ಅಕ್ಕಾ, ನಾನು ಬರೆದಿದ್ದೆ. ಏಳು ತಿಂಗಳಲ್ಲಿ ಕಾಲು ಊದಿಸಿಕೊಂಡು ಕೂತು ಬರೆದಿದ್ದೆ" ಎಂದಳು. ಅಳಲಿಲ್ಲ. ಅತ್ತಿದ್ದರೆ ಏನಾದರೂ ಸಮಾಧಾನ ಹೇಳಬಹುದಿತ್ತು.

ಇಬ್ಬರೂ ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂತೆವು. ಮೊದಲು ಒಂದೇ ಚೀಟಿ ಹಿಡಿದೆವು. ಜಿರಾದಲ್ಲಿ ತಡಕಾಡುವುದು ಬಿಟ್ಟು, ಅದರ ನಂಬರನ್ನು ಕಾನ್‌ಫ್ಲುಯೆನ್ಸಿನಲ್ಲಿ ಹಾಕಿ ಹುಡುಕಿದೆ. ಪುಟ ಬಂತು. ಅದರ ಹಳೆಯ ಪ್ರತಿಗಳ ಪಟ್ಟಿ ತೆಗೆದರೆ ಅವಳ ಹೆಸರು, ತಾರೀಕು, ರಾತ್ರಿ 11.40. ಯಾರು ಯಾವಾಗ ಉಳಿಸಿದರೆಂದು ಅದು ಪ್ರತಿಸಲವೂ ಗುರುತು ಇಟ್ಟುಕೊಳ್ಳುತ್ತದೆ. ಹೊಟ್ಟೆ ತಣ್ಣಗಾಯಿತು.

ಕೊಂಡಿ ಏಕಿಲ್ಲ ಎಂಬುದು ಉಳಿಯಿತು. ಎಲ್ಲಕ್ಕೂ ಒಂದೇ ಕಾರಣವಿರಲಿಲ್ಲ. ಹೆಚ್ಚಿನವು ಹಳೇ ವಿಳಾಸದವು. ಕೆಲವು ಪುಟಗಳಲ್ಲಿ ನಂಬರನ್ನು ಬರೀ ಅಕ್ಷರವಾಗಿ ಟೈಪು ಮಾಡಿತ್ತು. ನಮ್ಮ ಕಣ್ಣಿಗೆ ಅದು ಚೀಟಿ, ಯಂತ್ರಕ್ಕೆ ಬರೀ ಬರಹ. ಒಂದು ಪುಟದಲ್ಲಂತೂ "ಈ ತಿಂಗಳು ಮುಗಿದವು" ಎಂದು ಜಿರಾವನ್ನೇ ಕೇಳಿ ತರಿಸಿದ ಪಟ್ಟಿಯಿತ್ತು. ಒಂಬತ್ತು ಚೀಟಿಗಳು ಸಾಲಾಗಿ ನಿಂತಿದ್ದರೂ ಒಂದರಲ್ಲೂ ಪುಟದ ಹೆಸರು ಮೂಡಿರಲಿಲ್ಲ. ಪಂಕ್ತಿಯಲ್ಲಿ ಕೂರಿಸಿ ಬಡಿಸಿದ್ದೇನೋ ಸರಿ, ಹೆಸರು ಹಿಡಿದು ಒಬ್ಬೊಬ್ಬರನ್ನೂ ಕರೆದಿರಲಿಲ್ಲ. ಇನ್ನು ನಾಲ್ಕು ವಿಚಿತ್ರ. ನನ್ನ ಕಂಪ್ಯೂಟರಿನಲ್ಲಿ ಕಾಣುತ್ತಿದ್ದವು, ಮ್ಯಾನೇಜರದರಲ್ಲಿ ಇಲ್ಲ. ಆ ಪುಟಗಳಿಗೆ ಬೀಗ; ಬೀಗದ ಕೈ ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಅಡ್ಮಿನ್ ಹುಡುಗನನ್ನು ಹಿಡಿದು ಹಳೇ ವಿಳಾಸಗಳನ್ನೆಲ್ಲ ಒಟ್ಟಿಗೆ ಹೊಸದಕ್ಕೆ ತಿದ್ದಿಸಿ, ಬೀಗ ತೆಗೆಸಿದೆವು. ಮಿಕ್ಕದ್ದು ಕೈಕೆಲಸ. ಪುಟ ತೆರೆ, ಚೀಟಿಯ ಕೊಂಡಿ ಅಂಟಿಸು, ಉಳಿಸು, ಆಮೇಲೆ ಚೀಟಿಗೆ ಹೋಗಿ ನೋಡು. ನಾಲ್ಕು ಮಧ್ಯಾಹ್ನ ಹಿಡಿಯಿತು. 31ರಲ್ಲಿ 29ಕ್ಕೆ ಪುಟವಿತ್ತು. ಉಳಿದೆರಡು ನಿಜವಾಗಿಯೂ ಬರೆದಿರಲಿಲ್ಲ. ನೋವು ಬೇಗ ಬಂದು ಆಸ್ಪತ್ರೆ ಸೇರಿದ್ದಳು.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಅದೇ ಸಾಗಾಟದಲ್ಲಿ ಗಂಡುಹುಡುಗರ ಚೀಟಿಗಳಲ್ಲೂ ಕೊಂಡಿ ಕಳಚಿತ್ತು. ಅವರು ಎದುರಿಗಿದ್ದರು, ಮ್ಯಾನೇಜರು ಕೇಳಿದರು, "ಇದೆ ಸಾರ್, ಇಲ್ಲಿದೆ" ಎಂದು ತೋರಿಸಿದರು, ಮುಗಿಯಿತು. ಇವಳು ಎದುರಿಗಿರಲಿಲ್ಲ. ಒಂದು ಫೋನು ಮಾಡಿ ಕೇಳಬಹುದಿತ್ತು. ಖಾಲಿ ಕಂಡಿತು, ಮಾಡಿಲ್ಲವೆಂದು ಬರೆದರು. ಬಾಣಂತಿಯ ಬಗ್ಗೆ ಹಾಗೆಂದು ನಂಬುವುದು ಸುಲಭ, ಅಲ್ಲವೇ?

29 ಪುಟಗಳ ಹೆಸರು, ತಾರೀಕು, ವೇಳೆ ಎಲ್ಲ ಬರೆದು ಅವಳ ಕೈಯಿಂದಲೇ ಕಳಿಸಿದೆವು. "ಓ, ಟೆಕ್ನಿಕಲ್ ಪ್ರಾಬ್ಲಮ್ಮಾ" ಎಂದರು ಮ್ಯಾನೇಜರು. ಷರಾ ತೆಗೆದರು. ಕ್ಷಮಿಸಿ ಎನ್ನುವ ಮಾತೇನೂ ಬರಲಿಲ್ಲ.

ಉಳಿದ ಎರಡನ್ನು ಅವಳು ಮುಂದಿನ ವಾರವೇ ಬರೆದಳು. ಉಳಿಸಿದ ಮೇಲೆ ನನ್ನ ಮೇಜಿನತ್ತ ಕತ್ತು ಚಾಚಿ, "ಅಕ್ಕಾ, ನಿಮ್ಮದರಲ್ಲಿ ಕಾಣ್ತಾ ಇದೆಯಾ ನೋಡಿ" ಎಂದಳು. ಕಾಣುತ್ತಿತ್ತು. ಆಮೇಲೆ ಎದ್ದು ಮ್ಯಾನೇಜರ ಕೋಣೆಗೆ ಹೋಗಿ, ಅವರದರಲ್ಲಿ ತೆರೆಸಿ ನೋಡಿಕೊಂಡು ಬಂದಳು.