ಮಾಗಿಯ ರಜೆ

ಕೋಳಿ ಸಾಕುವವರಲ್ಲಿ ಎರಡು ಪಂಗಡ. ಮೊಟ್ಟೆಯನ್ನು ಎಣಿಸುವವರದು ಒಂದು, ಕೋಳಿಯನ್ನು ಎಣಿಸುವವರದು ಇನ್ನೊಂದು. ಬೇಸಗೆಯಲ್ಲಿ ಇವರಿಗೆ ಜಗಳವಿಲ್ಲ. ಮಾಗಿ ಬಂದಿತೆಂದರೆ ವಾದ ಹತ್ತಿಕೊಳ್ಳುತ್ತದೆ. ನಮ್ಮಲ್ಲಿ ಮೊದಲನೆಯ ಪಂಗಡಕ್ಕೆ ನನ್ನ ಭಾವಮೈದುನ ಮುಖಂಡ, ಎರಡನೆಯದಕ್ಕೆ ನನ್ನ ಹೆಂಡತಿ. ನಾನು, ಕನ್ನಡ ಮೇಷ್ಟರಿಗೆ ತಕ್ಕಂತೆ, ಇಬ್ಬರ ಮಾತಿಗೂ ತಲೆದೂಗುವವನು.

ಮಡಿಕೇರಿಯ ನಮ್ಮ ಹಿತ್ತಿಲಲ್ಲಿ ಏಳು ಗಿರಿರಾಜ ಹೇಂಟೆಗಳಿವೆ, ಒಂದು ಹುಂಜವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿತ್ತಿಲಲ್ಲಿ ಸಾಕುವವರಿಗೆಂದೇ ರೂಪಿಸಿದ ತಳಿ. ಗಟ್ಟಿ ಜೀವ. ಕಸ ಕೆದಕಿ, ಹುಳುಹುಪ್ಪಟೆ ಹೆಕ್ಕಿ, ವರ್ಷಕ್ಕೆ ೧೩೦ರಿಂದ ೧೫೦ ಮೊಟ್ಟೆ ಕೊಡುತ್ತದೆಂದು ಹೆಸರು. ಬ್ಯಾಂಕಿನಲ್ಲಿರುವ ಭಾವಮೈದುನ ಇದನ್ನು ಹನ್ನೆರಡರಿಂದ ಭಾಗಿಸುತ್ತಾನೆ. ಕೋಳಿಗೆ ಭಾಗಾಕಾರ ಬರುವುದಿಲ್ಲ; ತೊಡಕಿರುವುದು ಅಲ್ಲಿಯೇ.

ಕಾರ್ತಿಕ ಕಳೆಯುತ್ತಲೇ ಪುಕ್ಕ ಉದುರತೊಡಗುತ್ತದೆ. ಹೇಂಟೆಗಳು ಸಾಲಗಾರರಂತೆ ಮುಖ ತಪ್ಪಿಸಿ ಓಡಾಡುತ್ತವೆ. ಪುಕ್ಕವೆಂದರೆ ಬಹುಪಾಲು ಪ್ರೋಟೀನು. ಮೊಟ್ಟೆಗೂ ಬೇಕಾದದ್ದು ಅದೇ. ಒಂದೇ ಸಂಬಳದಲ್ಲಿ ಎರಡು ಮದುವೆ ಮಾಡುವುದು ಯಾರಿಂದಾದೀತು? ಮೊದಲು ಮೈಗೆ ಬಟ್ಟೆ, ಆಮೇಲೆ ಮೊಟ್ಟೆ ಎಂದು ಅವು ತೀರ್ಮಾನಿಸುತ್ತವೆ. ಇದಕ್ಕೆ ಬೆಳಕಿನ ಲೆಕ್ಕವೂ ಸೇರುತ್ತದೆ. ಹಗಲು ಉದ್ದವಾದಷ್ಟೂ ಹೇಂಟೆಗೆ ಹುರುಪು. ಅದು ಬಯಸುವುದು ೧೪ ಗಂಟೆಯ ಬೆಳಕು. ಡಿಸೆಂಬರಿನ ನಮ್ಮ ಹಗಲು ಸುಮಾರು ಹನ್ನೊಂದೂವರೆ ಗಂಟೆ.

ಪಾಪ, ಅಪವಾದ ಮಾತ್ರ ಚಳಿಯ ಮೇಲೆ. ಕೋಳಿಯ ಮೈಬಿಸಿಯೇ ೪೧ ಡಿಗ್ರಿ. ಪುಕ್ಕ ಉಬ್ಬಿಸಿ, ಒಂದು ಕಾಲನ್ನು ಹೊಟ್ಟೆಯೊಳಗೆ ಎಳೆದುಕೊಂಡು, ಒಂದಕ್ಕೊಂದು ಒತ್ತಿ ಕುಳಿತರೆ ಮಡಿಕೇರಿಯ ರಾತ್ರಿ ಕಳೆದುಹೋಗುತ್ತದೆ. ಅವಕ್ಕೆ ಆಗದ್ದು ತೇವ. ಗೂಡಿನ ಸುತ್ತ ಗೋಣಿ ಬಿಗಿದರೆ ಉಸಿರಿನ ಹಸಿಯೂ ಹಿಕ್ಕೆಯ ಘಾಟೂ ಒಳಗೇ ಉಳಿದು ಕಾಯಿಲೆ ತರುತ್ತವೆ. ಅದಕ್ಕೇ ನನ್ನ ಹೆಂಡತಿ ಗಾಳಿ ಹೊಡೆಯುವ ಕಡೆಗೆ ಮಾತ್ರ ಗೋಣಿ ಕಟ್ಟುತ್ತಾಳೆ. ಸೂರಿನ ಕೆಳಗೆ ಕಿಂಡಿ ಬಿಡುತ್ತಾಳೆ. ನೆಲಕ್ಕೆ ಒಣಗಿದ ಭತ್ತದ ಹೊಟ್ಟು ಹರಡುತ್ತಾಳೆ. ಮಲಗುವ ಮುನ್ನ ಒಂದೊಂದು ಹಿಡಿ ಮುಸುಕಿನ ಜೋಳ. ಅದು ಕರಗುವಾಗ ಮೈ ಬೆಚ್ಚಗಾಗುತ್ತದೆ.

ಕಳೆದ ಡಿಸೆಂಬರಿನಲ್ಲಿ ಭಾವಮೈದುನ ರಜೆಗೆ ಬಂದ. ಬರಿದಾದ ಮೊಟ್ಟೆಯ ಬುಟ್ಟಿ ನೋಡಿ ಕೇಳಿದ: "ಏನು ಭಾವ, ಬರೀ ಕಾಳಿನ ಖರ್ಚು! ಫಾರಮ್ಮಿನವರ ಹಾಗೆ ಗೂಡಿಗೆ ಒಂದು ಬಲ್ಬು ಹಾಕಿ. ಇಲ್ಲವೇ ಆ ಮುದಿ ಹೇಂಟೆ ಎರಡನ್ನು ಸಾರು ಮಾಡಿಸಿ."

ಹಿಟ್ಟಿನ ಹುಂಜವನ್ನು ಬಲಿಕೊಟ್ಟು ಜನ್ಮಜನ್ಮಾಂತರ ತೊಳಲಿದ ಯಶೋಧರನ ಕಥೆಯನ್ನು ಜನ್ನ ೧೨೦೯ರಲ್ಲಿ ಬರೆದ. ಅದನ್ನು ಪಾಠ ಹೇಳುವವನ ಮುಂದೆಯೇ ಈ ಮಾತು! ಹಾಗೆಂದು ನಾನು ಬಾಯಿ ತೆರೆಯುವಂತಿಲ್ಲ. ನಮ್ಮದೇನು ಕೋಳಿಸಾರು ಕಾಣದ ಮನೆಯಲ್ಲ. ಉತ್ತರ ಬಂದದ್ದು ಒಲೆಯ ಕಡೆಯಿಂದ.

"ನಿಮ್ಮ ಬ್ಯಾಂಕಿನಲ್ಲಿ ಬಾಣಂತಿಗೆ ಆರು ತಿಂಗಳು ರಜೆಯಂತಲ್ಲೋ. ಸಂಬಳ ನಿಲ್ಲಿಸುತ್ತೀರೇನು?"

"ಅವರು ತಿರುಗಿ ಬಂದು ಕೆಲಸ ಮಾಡುತ್ತಾರೆ, ಅಕ್ಕ."

"ನಿವೃತ್ತರಾದವರಿಗೆ?"

ಅವನು ಪಿಂಚಣಿಯ ಮಾತೆತ್ತಲಿಲ್ಲ, ಕಾಫಿ ಕುಡಿದ.

ಬಲ್ಬು ಹಾಕುವುದೂ ಒಂದು ವಿದ್ಯೆಯೇ, ಅಲ್ಲಗಳೆಯಲಾರೆ. ಆದರೆ ಗಟ್ಟಿ ತಳಿಯೆಂದು ಮೆಚ್ಚಿ ತಂದಮೇಲೆ ಅದು ಗಟ್ಟಿಯಾಗಿ ಉಳಿಯಲು ತೆಗೆದುಕೊಳ್ಳುವ ಬಿಡುವನ್ನೂ ಒಪ್ಪಿಕೊಳ್ಳಬೇಡವೇ?

ಸಂಕ್ರಾಂತಿಯ ಹೊತ್ತಿಗೆ ಹೊಸ ಪುಕ್ಕ ಮಿರುಗಿತು, ಜುಟ್ಟು ಕೆಂಪೇರಿತು. ಒಂದೊಂದಾಗಿ ಆರು ಹೇಂಟೆಗಳು ಕೆಲಸಕ್ಕೆ ಹಾಜರಾದವು. ಮುದಿಗಳಲ್ಲಿ ಒಂದು ಮಾತ್ರ ಆಮೇಲೆ ಮೊಟ್ಟೆ ಇಟ್ಟೇ ಇಲ್ಲ. ಸಂಜೆ ಜೋಳದ ಡಬ್ಬಿ ಸದ್ದಾದರೆ ಎಲ್ಲಕ್ಕಿಂತ ಮೊದಲು ಓಡಿಬರುವುದು ಅದೇ.